ಮಾರ್ಚ್ ತಿಂಗಳ ಚೀಟಿ: ಎಚ್‌1ಬಿ ಅರ್ಜಿ ಮತ್ತು ಅರ್ಜಿದಾರರ ತಾಳ್ಮೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಉದ್ಯೋಗ ಮಾಡಲು ಬೇಕಾಗುವ ಎಚ್‌1ಬಿ ವೀಸಾಕ್ಕೆ ಹೆಸರು ನೋಂದಾಯಿಸುವ ಅವಕಾಶ ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, ಕೆಲವೇ ದಿನಗಳ ಮಟ್ಟಿಗೆ ದೊರೆಯುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಎಷ್ಟೋ ಮನೆಗಳಲ್ಲಿ ಆ ತಿಂಗಳ ಕೊನೆಯ ವಾರ ಪಿಯುಸಿ ಫಲಿತಾಂಶಕ್ಕೆ ಕಾದ ದಿನಗಳಂತೆಯೇ ಕಳೆಯುತ್ತದೆ. ಆದರೆ ಇದು ಪರೀಕ್ಷೆಯಲ್ಲ; ಸ್ಥಾನಗಳಿಗಿಂತ ಹೆಚ್ಚು ಹೆಸರುಗಳು ಬಂದಾಗ ಚೀಟಿ ಎತ್ತಿದಂತೆ ಆರಿಸುವ ಲಾಟರಿ. ಮಗ ಅಥವಾ ಮಗಳ ಹೆಸರು ಬರಲಿಲ್ಲವೆಂದು ತಂದೆತಾಯಿ ನೆಂಟರ ಮುಂದೆ ತಲೆ ತಗ್ಗಿಸುವುದನ್ನು ಕಂಡಾಗಲೆಲ್ಲ ಈ ಮಾತನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

1990ರ ವಲಸೆ ಕಾಯಿದೆ ಈ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿಯನ್ನು ಹಾಕಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆಂದು ಇನ್ನೂ 20,000 ಸ್ಥಾನಗಳು ಆ ಬಳಿಕ ಸೇರಿದವು. 2001ರಿಂದ 2003ರವರೆಗೆ ಮಿತಿಯನ್ನು 1,95,000ಕ್ಕೆ ಏರಿಸಿದ್ದುಂಟು, ಆದರೆ ಅದು ಮತ್ತೆ ಹಿಂದಿನ ಮಟ್ಟಕ್ಕೇ ಇಳಿಯಿತು. 2023ರ ಮಾರ್ಚ್ ತಿಂಗಳಲ್ಲಿ ಈ ಸ್ಥಾನಗಳಿಗಾಗಿ ಬಂದ ನೋಂದಣಿಗಳು ಸುಮಾರು 7 ಲಕ್ಷ 80 ಸಾವಿರ. ಒಬ್ಬನೇ ವ್ಯಕ್ತಿಯ ಹೆಸರನ್ನು ಹಲವು ಕಂಪನಿಗಳಿಂದ ಹಾಕಿಸಿ ಅದೃಷ್ಟವನ್ನು ಹೆಚ್ಚಿಸಿಕೊಳ್ಳುವ ಚಾಳಿ ಆಗ ಬೆಳೆದಿತ್ತು. 2024ರಿಂದ ಎಷ್ಟು ಕಂಪನಿಗಳು ಹೆಸರು ಕೊಟ್ಟರೂ ಒಂದು ಪಾಸ್‌ಪೋರ್ಟಿಗೆ ಒಂದೇ ಚೀಟಿ ಎಂಬ ವ್ಯವಸ್ಥೆ ಬಂತು, 2025ರಲ್ಲಿ ನೋಂದಣಿ ಶುಲ್ಕ 10 ಡಾಲರಿನಿಂದ 215 ಡಾಲರಿಗೆ ಏರಿತು. ಆ ವರ್ಷ ಅರ್ಹ ನೋಂದಣಿಗಳು ಸುಮಾರು 3 ಲಕ್ಷ 44 ಸಾವಿರಕ್ಕೆ ಇಳಿದು, ಆಯ್ಕೆಯಾದವು 1 ಲಕ್ಷ 20 ಸಾವಿರದಷ್ಟು. ಆಯ್ಕೆಯಾದವರೆಲ್ಲರೂ ಮುಂದೆ ಪೂರ್ಣ ಅರ್ಜಿ ಸಲ್ಲಿಸುವುದಿಲ್ಲವಾದ್ದರಿಂದ ಮಿತಿಗಿಂತ ಹೆಚ್ಚು ಹೆಸರುಗಳನ್ನು ಆರಿಸುತ್ತಾರೆ.

ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಹಾಗಾದರೆ ಮೂರು ವರ್ಷ ಪ್ರಯತ್ನಿಸಿದವರಿಗೆಲ್ಲ ಸಿಕ್ಕೇ ಸಿಗಬೇಕಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಲೆಕ್ಕ ಹಾಗಿಲ್ಲ. ಮೂರು ಬಾರಿ ಹೆಸರು ಕೊಟ್ಟ ಪ್ರತಿ 27 ಮಂದಿಯಲ್ಲಿ 8 ಮಂದಿ ಮೂರೂ ಸಲ ಬರಿಗೈಯಲ್ಲಿ ಉಳಿಯುತ್ತಾರೆ. ಕಳೆದ ವರ್ಷ ಕಾದದ್ದು ಈ ವರ್ಷದ ಚೀಟಿಗೆ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಎಂಜಿನಿಯರಿಂಗ್ ಅಥವಾ ವಿಜ್ಞಾನ ಓದಿದ ವಿದ್ಯಾರ್ಥಿಗೆ ಪದವಿಯ ನಂತರ ಒಂದು ವರ್ಷ, ಆಮೇಲೆ ವಿಸ್ತರಣೆಯಾಗಿ ಎರಡು ವರ್ಷ ಕೆಲಸ ಮಾಡುವ ಅನುಮತಿ ಇರುವುದರಿಂದ ಅವನ ಕೈಗೆ ಸಿಗುವ ಚೀಟಿಗಳೂ ಸಾಮಾನ್ಯವಾಗಿ ಮೂರೇ.

ಇತ್ತೀಚೆಗೆ ಈ ಚೀಟಿಯ ಸ್ವರೂಪವೂ ಬದಲಾಗಿದೆ. 2025ರ ಡಿಸೆಂಬರಿನಲ್ಲಿ ಅಂತಿಮಗೊಂಡ ನಿಯಮದ ಪ್ರಕಾರ, ಅತಿ ಹೆಚ್ಚಿನ ವೇತನ ಮಟ್ಟದ ಹುದ್ದೆಗೆ ಆಯ್ಕೆಯಲ್ಲಿ ನಾಲ್ಕು ಪಾಲಿನ ಅವಕಾಶ, ಅತಿ ಕೆಳಗಿನ ಮಟ್ಟಕ್ಕೆ ಒಂದೇ ಪಾಲು. ಇದಕ್ಕೂ ಮುನ್ನ, 2025ರ ಸೆಪ್ಟೆಂಬರ್ 21ರಿಂದ, ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ತೆರಬೇಕೆಂಬ ಘೋಷಣೆ ಒಂದು ವರ್ಷದ ಅವಧಿಗೆಂದು ಹೊರಬಿತ್ತು. ಆಗತಾನೇ ಕೆಲಸಕ್ಕೆ ಸೇರಿದ ತರುಣರಿಗೆ ಇವೆರಡೂ ಪ್ರತಿಕೂಲವೇ. ಹೀಗಿರುವಾಗ ಛಲ ಬಿಡಬೇಡಿ ಎಂಬ ಬರಿಯ ಉಪದೇಶದಿಂದ ಏನೂ ಆಗುವುದಿಲ್ಲ. ಅದೇ ಬಾಗಿಲನ್ನು ಅದೇ ರೀತಿಯಲ್ಲಿ ತಟ್ಟುತ್ತಿರುವುದನ್ನು ಛಲವೆಂದು ನಾನು ಒಪ್ಪುವುದೂ ಇಲ್ಲ. ಅರ್ಜಿದಾರರ ಶ್ರಮಕ್ಕೆ ಫಲ ಸಿಗುವ ಜಾಗಗಳು ಬೇರೆ ಇವೆ.

ಮೊದಲನೆಯ ಜಾಗ ಕಾಗದಪತ್ರ. ಆಯ್ಕೆಯಾದವರ ಪೂರ್ಣ ಅರ್ಜಿಯನ್ನು ಸಲ್ಲಿಸಲು ಏಪ್ರಿಲ್ 1ರಿಂದ ಕನಿಷ್ಠ 90 ದಿನಗಳ ಅವಧಿ ಇರುತ್ತದೆ. ನಮ್ಮಲ್ಲಿ ಬಿ.ಎಸ್ಸಿ., ಬಿ.ಕಾಂ. ಮಾಡಿದವರಿಗೆ ಈ ಅವಧಿ ಸಾಲದು, ಏಕೆಂದರೆ ಮೂರು ವರ್ಷದ ಪದವಿಯನ್ನು ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮವೆಂದು ಅಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೊರತೆಯಾದ ಒಂದು ವರ್ಷದ ಓದಿಗೆ ಬದಲಾಗಿ ಅದೇ ಕ್ಷೇತ್ರದ ಮೂರು ವರ್ಷದ ಅನುಭವವನ್ನು ತೋರಿಸಬಹುದೆಂಬ ನಿಯಮವಿದೆ. ಆ ಅನುಭವವನ್ನು ತೋರಿಸಲು ಹಳೆಯ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಹುದ್ದೆ, ಅವಧಿ, ಮಾಡಿದ ಕೆಲಸದ ವಿವರ ಎಲ್ಲವೂ ಇರುವ ಪತ್ರ ಬೇಕು. ಕೆಲಸ ಬಿಟ್ಟ ದಿನವೇ ಅದನ್ನು ಕೇಳಿ ಪಡೆದವರು ಜಾಣರು. ಐದು ವರ್ಷದ ನಂತರ ಹೋದರೆ ಕಂಪನಿಯೇ ಮುಚ್ಚಿರಬಹುದು, ನಮ್ಮ ಕೆಲಸವನ್ನು ಬಲ್ಲ ಮ್ಯಾನೇಜರ್ ಬೇರೆಲ್ಲೋ ಇರಬಹುದು.

ಹೆಸರಿನ ವಿಷಯ ಇನ್ನೂ ಸೂಕ್ಷ್ಮ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ಲಾಗಿ ಇಟ್ಟುಕೊಳ್ಳುವ ಪದ್ಧತಿ ನಮ್ಮದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸುರೇಶ ಎಚ್. ಆರ್.’ ಎಂದಿರುವ ಹುಡುಗ ಪಾಸ್‌ಪೋರ್ಟ್ ಮಾಡಿಸುವಾಗ ಉಪನಾಮದ ಜಾಗವನ್ನು ಖಾಲಿ ಬಿಡುತ್ತಾನೆ ಎಂದುಕೊಳ್ಳಿ. ಅಮೆರಿಕದ ವೀಸಾದಲ್ಲಿ ‘ಸುರೇಶ’ ಎಂಬುದು ಉಪನಾಮದ ಜಾಗಕ್ಕೆ ಹೋಗುತ್ತದೆ, ಅವನ ಸ್ವಂತ ಹೆಸರಿನ ಜಾಗದಲ್ಲಿ ಹೆಸರು ತಿಳಿದಿಲ್ಲವೆಂಬ ಅರ್ಥದ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಅಚ್ಚಾಗುತ್ತದೆ. ಆಮೇಲೆ ಅಲ್ಲಿನ ಬ್ಯಾಂಕಿನಿಂದ ಚಾಲನಾ ಪರವಾನಗಿಯವರೆಗೆ ಆ ಮೂರಕ್ಷರ ಬೆನ್ನು ಹತ್ತುತ್ತದೆ. ಪಾಸ್‌ಪೋರ್ಟಿನಲ್ಲಿ ಉಪನಾಮವನ್ನು ಸೇರಿಸಿಕೊಳ್ಳುವ ಕೆಲಸ ನೋಂದಣಿಗೆ ಮೊದಲೇ ಮುಗಿಯಬೇಕು, ಏಕೆಂದರೆ ಈಗ ಚೀಟಿಯು ಪಾಸ್‌ಪೋರ್ಟಿಗೇ ಗಂಟುಬಿದ್ದಿದೆ.

ಇನ್ನು ಹಣದ ಮಾತು. ಎಚ್‌1ಬಿ ಅರ್ಜಿಯನ್ನು ಸಲ್ಲಿಸುವುದು ಉದ್ಯೋಗದಾತ, ಅದರ ಖರ್ಚೂ ಉದ್ಯೋಗದಾತನದೇ. ನೌಕರನಿಂದ ಅದನ್ನು ವಸೂಲು ಮಾಡಲು ಕಾನೂನು ಬಿಡುವುದಿಲ್ಲ. ‘ನೀವು ಇಷ್ಟು ಲಕ್ಷ ಕೊಡಿ, ಅಲ್ಲಿ ಹೋದ ಮೇಲೆ ಪ್ರಾಜೆಕ್ಟ್ ಹುಡುಕಿಕೊಡುತ್ತೇವೆ’ ಎನ್ನುವ ಮಧ್ಯವರ್ತಿ ಎದುರಾದರೆ ಎದ್ದು ಬರುವುದೇ ಸರಿ. ಎರಡು ಸಲ ನಿರಾಶರಾದವರೇ ಇಂಥವರ ಕೈಗೆ ಸುಲಭವಾಗಿ ಸಿಗುತ್ತಾರೆ.

ಹೈದರಾಬಾದಿನ ಹತ್ತಿರದ ಚಿಲ್ಕೂರಿನ ಬಾಲಾಜಿಗೆ ‘ವೀಸಾ ಬಾಲಾಜಿ’ ಎಂಬ ಹೆಸರೇ ಬಿದ್ದಿದೆ. ಹರಕೆಗೆ 11 ಪ್ರದಕ್ಷಿಣೆ, ಫಲಿಸಿದರೆ 108. ಸಂದರ್ಶನಕ್ಕೆ ಹೈದರಾಬಾದಿಗೆ ಹೋದ ನಮ್ಮ ಹುಡುಗರೂ ಅಲ್ಲಿ ಸುತ್ತು ಹಾಕಿ ಬರುತ್ತಾರೆ; ಅದನ್ನು ಹಗುರವಾಗಿ ಆಡುವ ಮನಸ್ಸು ನನಗಿಲ್ಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆ ಆಗ ಆರಂಭವಾಗಲಿಲ್ಲವಾದ್ದರಿಂದ ಹೈದರಾಬಾದ್, ಚೆನ್ನೈಗಳ ಪ್ರಯಾಣ ತಪ್ಪಲಿಲ್ಲ. ವೀಸಾ ಸಂದರ್ಶನದ ಕಿಟಕಿಯ ಮುಂದೆ ‘221ಜಿ’ ಎಂಬ ಕಾಗದ ಕೈಗೆ ಬಂದರೆ ಎಲ್ಲವೂ ಮುಗಿಯಿತೆಂದು ಅಳಬೇಕಾಗಿಲ್ಲ. ಹೆಚ್ಚಿನ ದಾಖಲೆ ಅಥವಾ ಹೆಚ್ಚಿನ ಪರಿಶೀಲನೆ ಬೇಕೆಂಬುದಷ್ಟೇ ಸಾಮಾನ್ಯವಾಗಿ ಅದರ ತಾತ್ಪರ್ಯ. ಕೇಳಿದ ಕಾಗದವನ್ನು ಕೊಟ್ಟು ಕಾಯಬೇಕು.

ಮಾರ್ಚ್ ತಿಂಗಳ ಚೀಟಿಗೆ ಒಳಪಡದ ದಾರಿಗಳೂ ಇವೆ. ವಿಶ್ವವಿದ್ಯಾಲಯಗಳು, ಅವುಗಳೊಂದಿಗೆ ಸೇರಿದ ಲಾಭರಹಿತ ಸಂಸ್ಥೆಗಳು, ಲಾಭರಹಿತ ಸಂಶೋಧನಾ ಸಂಸ್ಥೆಗಳು ವರ್ಷದ ಯಾವ ತಿಂಗಳಲ್ಲಾದರೂ ಮಿತಿಯ ಹೊರಗೆ ಎಚ್‌1ಬಿ ಅರ್ಜಿ ಹಾಕಬಹುದು. ಸಂಬಳ ಕಡಿಮೆಯಿದ್ದೀತೆಂದು ನಮ್ಮವರು ಅತ್ತ ನೋಡುವುದೇ ಅಪರೂಪ. ಬೆಂಗಳೂರಿಗರಿಗೆ ಇದಕ್ಕಿಂತ ಹತ್ತಿರವಾದದ್ದು ಎಲ್‌1 ವೀಸಾ. ಅಮೆರಿಕದ ಕಂಪನಿಗಳ ಕಚೇರಿಗಳು ಹೊರವರ್ತುಲ ರಸ್ತೆಯ ಉದ್ದಕ್ಕೂ ಇವೆ. ಅಂಥ ಕಂಪನಿಯಲ್ಲಿ ಹಿಂದಿನ ಮೂರು ವರ್ಷಗಳೊಳಗೆ ಕನಿಷ್ಠ ಒಂದು ವರ್ಷ ಸತತವಾಗಿ ಇಲ್ಲಿ ದುಡಿದ, ಮ್ಯಾನೇಜರ್ ಮಟ್ಟದ ಅಥವಾ ವಿಶೇಷ ಪರಿಣತಿಯುಳ್ಳ ನೌಕರನನ್ನು ಅದೇ ಸಂಸ್ಥೆಯು ಅಮೆರಿಕಕ್ಕೆ ವರ್ಗಾಯಿಸಬಹುದು. ಇದಕ್ಕೆ ವಾರ್ಷಿಕ ಮಿತಿಯೂ ಇಲ್ಲ, ಲಾಟರಿಯೂ ಇಲ್ಲ. ಸಂಗಾತಿಗೂ ಕೆಲಸ ಮಾಡುವ ಹಕ್ಕು ಸಿಗುತ್ತದೆ. ಕೊರತೆಯೆಂದರೆ, ಆ ವೀಸಾದಲ್ಲಿ ಇರುವವರೆಗೆ ಬೇರೆ ಸಂಸ್ಥೆಗೆ ಹಾರುವಂತಿಲ್ಲ.

ಮೂರು ಚೀಟಿಗಳು ಮುಗಿದು ಅಮೆರಿಕದಿಂದ ಹಿಂದಿರುಗಿದ ಕೆಲವರು ಅದೇ ಕಂಪನಿಯ ಬೆಂಗಳೂರು ಕಚೇರಿಗೆ ಸೇರಿ, ಒಂದು ವರ್ಷ ತುಂಬಿಸಿ, ಎಲ್‌1 ಪಡೆದು ಮರಳುತ್ತಾರೆ. ವಾಪಸು ಬಂದವರನ್ನು ‘ಯಾಕೆ ಬಂದುಬಿಟ್ಟೆಯಪ್ಪ’ ಎಂದು ಮದುವೆ ಮನೆಯಲ್ಲಿ ವಿಚಾರಿಸುವವರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಎಷ್ಟು ವರ್ಷ ಪ್ರಯತ್ನಿಸಬೇಕು, ಅಲ್ಲಿಯವರೆಗೆ ಮದುವೆಯನ್ನೂ ಮನೆ ಕೊಳ್ಳುವುದನ್ನೂ ಮುಂದೂಡಬೇಕೇ ಎಂಬುದನ್ನು ಮೊದಲ ನೋಂದಣಿಗೆ ಮುಂಚೆಯೇ ಮನೆಯವರೆಲ್ಲ ಕುಳಿತು ಮಾತಾಡಿಕೊಂಡಿದ್ದರೆ ಒಳ್ಳೆಯದು. ಹಿಂದಿರುಗಿ ಕೆಲಸಕ್ಕೆ ಸೇರಿದವರು ಸೇರ್ಪಡೆಯ ಪತ್ರವನ್ನೂ ಪ್ರತಿ ತಿಂಗಳ ಸಂಬಳದ ಚೀಟಿಯನ್ನೂ ಮೊದಲ ದಿನದಿಂದಲೇ ತೆಗೆದಿಡಬೇಕು, ಏಕೆಂದರೆ ಆ ಒಂದು ವರ್ಷದ ದುಡಿಮೆಗೆ ಸಾಕ್ಷಿಯಾಗಿ ಎಲ್‌1 ಅರ್ಜಿಯ ಜೊತೆ ಇಡಬೇಕಾದದ್ದು ಇವನ್ನೇ.

ನಮಸ್ಕಾರ.