ಎರಡು ಫೋನು, ಒಂದು ಅಳತೆ ಟೇಪು: ಪ್ರೌಢಶಾಲೆಯ ವಿಜ್ಞಾನಕ್ಕೆ ಮೊಬೈಲ್

ಶಿಕ್ಷಕ ಮಿತ್ರರೇ,

ಶಾಲೆಯಲ್ಲಿ ಮೊಬೈಲ್ ಬಳಕೆ ಎಂದರೆ ಇವತ್ತಿಗೂ ಹೆಚ್ಚಿನ ಕಡೆ ವಿಡಿಯೊ ತೋರಿಸುವುದು, ಇಲ್ಲವೇ ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದ ಪಾಠ ತೆರೆಯುವುದು. ಅದು ಬೇಡವೆನ್ನುವುದಿಲ್ಲ. ಆದರೆ ನಲವತ್ತು ಮಕ್ಕಳು ಅಂಗೈಯಗಲದ ಪರದೆಯತ್ತ ಕತ್ತು ಚಾಚಿ ನಿಂತರೆ ದಕ್ಕುವುದು ಬಹಳ ಕಡಿಮೆ. ಅದೇ ಫೋನಿನೊಳಗೆ ವೇಗೋತ್ಕರ್ಷ, ಕಾಂತಕ್ಷೇತ್ರ, ಬೆಳಕು, ಶಬ್ದ ಅಳೆಯುವ ಸೆನ್ಸರ್‌ಗಳು ಕೂತಿವೆ. ಇವನ್ನು ಬಿಡಿ ಉಪಕರಣಗಳಾಗಿ ಕೊಳ್ಳುವುದು ನಮ್ಮ ಬಹುಪಾಲು ಶಾಲೆಗಳಿಗೆ ಆಗದ ಮಾತು. ಆದ್ದರಿಂದ ಫೋನನ್ನು ಅಳತೆಯ ಸಾಧನವಾಗಿ ಬಳಸುವುದರ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ. ಇದಕ್ಕೆ ಮಕ್ಕಳು ಫೋನ್ ತರಬೇಕಿಲ್ಲ, ಶಿಕ್ಷಕರ ಎರಡು ಫೋನ್ ಸಾಕು. 2018ರಲ್ಲಿ ಶಾಲೆಗಳಲ್ಲಿ ಫೋನ್ ನಿಷೇಧಿಸಿ ಕಾನೂನು ಮಾಡಿದ ಫ್ರಾನ್ಸ್ ಕೂಡ ಕಲಿಕೆಗಾಗಿ ಬಳಸುವುದಕ್ಕೆ ಅದರಲ್ಲೇ ವಿನಾಯಿತಿ ಇಟ್ಟಿತು. ಅದು ಸರಿಯಾದ ನಿಲುವು ಎಂದೇ ನನ್ನ ಅಭಿಪ್ರಾಯ.

ಬೇಕಾದ ಆ್ಯಪ್ ಫೈಫಾಕ್ಸ್. ಹುಡುಕುವಾಗ ಪಿ-ಎಚ್-ವೈ-ಪಿ-ಎಚ್-ಓ-ಎಕ್ಸ್ ಎಂದು ಟೈಪ್ ಮಾಡಿ. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದದ್ದು. ಪೂರ್ತಿ ಉಚಿತ. ಒಮ್ಮೆ ಹಾಕಿಕೊಂಡರೆ ಮುಂದೆ ಇಂಟರ್ನೆಟ್ ಬೇಕಿಲ್ಲ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ, ಆ್ಯಪ್‌ನ ಮೆನುವಿನಲ್ಲಿ ರಿಮೋಟ್ ಆ್ಯಕ್ಸೆಸ್ ಒತ್ತಿದರೆ ಒಂದು ವಿಳಾಸ ಕಾಣುತ್ತದೆ. ಅದನ್ನು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಟೈಪಿಸಿದರೆ ಗ್ರಾಫ್ ಪ್ರೊಜೆಕ್ಟರ್ ಮೇಲೆ ಬರುತ್ತದೆ. ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು: ಲ್ಯಾಪ್‌ಟಾಪ್ ಬೇರೆ ವೈಫೈ ಹಿಡಿದಿರುತ್ತದೆ, ಅಥವಾ ಯಾರೂ ಜೋಡಿಕೊಂಡಿಲ್ಲವೆಂದು ಹಾಟ್‌ಸ್ಪಾಟ್ ತಾನಾಗಿ ಆಫ್ ಆಗಿರುತ್ತದೆ.

ಮೊದಲು ಶಬ್ದದ ಜವ. ಇದಕ್ಕೆ ಮೈಕ್ ಮಾತ್ರ ಸಾಕಾದ್ದರಿಂದ ಎಂಥ ಹಳೆಯ ಫೋನಾದರೂ ನಡೆದೀತು. ಎರಡು ಫೋನುಗಳನ್ನು 5 ಮೀಟರ್ ದೂರದಲ್ಲಿಟ್ಟು ಎರಡರಲ್ಲೂ ಸದ್ದಿಗೆ ಶುರುವಾಗಿ ಮುಂದಿನ ಸದ್ದಿಗೆ ನಿಲ್ಲುವ ಅಕೌಸ್ಟಿಕ್ ಸ್ಟಾಪ್‌ವಾಚ್ ತೆರೆಯಿರಿ. ಮೊದಲ ಫೋನಿನ ಬಳಿ ನಿಂತವರು ಚಪ್ಪಾಳೆ ಹೊಡೆದಾಗ ಆ ಫೋನು ತಕ್ಷಣ ಶುರುವಾಗುತ್ತದೆ, ಎರಡನೆಯದು ಶಬ್ದ ಅಲ್ಲಿಗೆ ಮುಟ್ಟಿದ ಮೇಲೆ. ಬಳಿಕ ಎರಡನೆಯ ಫೋನಿನ ಬಳಿಯವರು ಚಪ್ಪಾಳೆ ಹೊಡೆಯುತ್ತಾರೆ. ಎರಡನೆಯದು ತಕ್ಷಣ ನಿಲ್ಲುತ್ತದೆ, ಮೊದಲನೆಯದು ತಡವಾಗಿ. ಹೀಗೆ ಎರಡು ಫೋನುಗಳ ಸಮಯದ ವ್ಯತ್ಯಾಸದಲ್ಲಿ ಶಬ್ದ ಹೋದ ಹೊತ್ತು, ಬಂದ ಹೊತ್ತು ಎರಡೂ ಸೇರಿರುತ್ತವೆ. ಆದ್ದರಿಂದ 10 ಮೀಟರನ್ನು ಆ ವ್ಯತ್ಯಾಸದಿಂದ ಭಾಗಿಸಬೇಕು. 0.029 ಸೆಕೆಂಡ್ ಬಂದರೆ ಜವ ಸೆಕೆಂಡಿಗೆ 345 ಮೀಟರ್. ಎರಡೂ ಫೋನುಗಳ ಗಡಿಯಾರವನ್ನು ಒಂದಕ್ಕೊಂದು ಹೊಂದಿಸುವ ಗೋಜೇ ಇಲ್ಲ, ಈ ವಿಧಾನದ ಸೊಗಸು ಅದೇ.

ಎಲ್ಲಿ ಕೆಡುತ್ತದೆ ಎಂಬುದನ್ನು ಗಮನಿಸಿ. ಒಂದೇ ಒಂದು ಮಿಲಿಸೆಕೆಂಡ್ ಹೆಚ್ಚು ಕಡಿಮೆಯಾದರೆ ಉತ್ತರ ಸುಮಾರು 12 ಮೀಟರ್ ಜಿಗಿಯುತ್ತದೆ: 0.028ಕ್ಕೆ 357, 0.030ಕ್ಕೆ 333. ಆದ್ದರಿಂದ ಹತ್ತು ಸಲ ಅಳೆದು ಸರಾಸರಿ ತೆಗೆಯಲೇಬೇಕು. ದೂರವನ್ನು 10 ಮೀಟರ್ ಮಾಡಿದರೆ ಈ ಜಿಗಿತ ಅರ್ಧಕ್ಕಿಳಿಯುತ್ತದೆ, ಆದರೆ ಬರಿಗೈ ಚಪ್ಪಾಳೆ ಅಷ್ಟು ದೂರ ಗಟ್ಟಿಯಾಗಿ ಮುಟ್ಟದು. ಎರಡು ಸ್ಟೀಲ್ ತಟ್ಟೆಗಳನ್ನು ಬಡಿಯಿರಿ. ಚಪ್ಪಾಳೆ ಹೊಡೆಯುವವರು ಎರಡು ಫೋನುಗಳನ್ನು ಸೇರಿಸುವ ಗೆರೆಯ ಮೇಲೆ, ತಮ್ಮ ಫೋನಿನ ಹಿಂಬದಿಗೆ ನಿಲ್ಲಬೇಕು. ಫೋನುಗಳ ನಡುವೆ ನಿಂತರೆ ದೂರದ ವ್ಯತ್ಯಾಸ 5 ಮೀಟರ್‌ಗಿಂತ ಕಡಿಮೆಯಾಗಿ, ಜವ ಸುಳ್ಳುಸುಳ್ಳೇ ಏರುತ್ತದೆ. ಫ್ಯಾನ್ ಸದ್ದಿಗೇ ಗಡಿಯಾರ ಶುರುವಾದರೆ ಥ್ರೆಶೋಲ್ಡ್, ಅಂದರೆ ಗಡಿಯಾರ ಶುರುವಾಗಲು ಬೇಕಾದ ಸದ್ದಿನ ಮಟ್ಟ, ಹೆಚ್ಚಿಸಿ. ಪ್ರತಿಧ್ವನಿಗೆ ನಿಂತುಬಿಟ್ಟರೆ ಶುರುವಾದ ಮೇಲೆ ನಿಲ್ಲಲು ಕಾಯಬೇಕಾದ ಕನಿಷ್ಠ ಅಂತರವನ್ನು 0.1 ಸೆಕೆಂಡಿನಿಂದ 0.5ಕ್ಕೆ ಏರಿಸಿ. ಎರಡು ಚಪ್ಪಾಳೆಗಳ ನಡುವೆ ಎರಡು ಮೂರು ಸೆಕೆಂಡ್ ಮೀರದಿರಲಿ. ಎರಡು ಫೋನುಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಕಾದಷ್ಟೂ ಆ ವ್ಯತ್ಯಾಸ ಬೆಳೆಯುತ್ತದೆ.

ಪಠ್ಯಪುಸ್ತಕದಲ್ಲಿ 22 ಡಿಗ್ರಿಗೆ 344 ಎಂದಿದೆಯಲ್ಲ, ನಮಗೇಕೆ 350 ಬಂತು ಎಂದು ಯಾರಾದರೂ ಕೇಳಿದರೆ ಆ ಮಗುವನ್ನು ತಡೆಯಬೇಡಿ. ಉಷ್ಣತೆ ಒಂದು ಡಿಗ್ರಿ ಏರಿದರೆ ಜವ ಸುಮಾರು 0.6 ಮೀಟರ್ ಏರುತ್ತದೆ. ಏಪ್ರಿಲ್ ಬಿಸಿಲಿಗೆ ಕಲಬುರಗಿಯ ಅಂಗಳದಲ್ಲಿ ಬರುವ ಸಂಖ್ಯೆಗೂ ಡಿಸೆಂಬರ್ ಮುಂಜಾನೆ ಮಡಿಕೇರಿಯಲ್ಲಿ ಬರುವ ಸಂಖ್ಯೆಗೂ ವ್ಯತ್ಯಾಸ ಇರಲೇಬೇಕು.

ಹತ್ತನೆಯ ತರಗತಿಯ ವಿದ್ಯುತ್ತಿನ ಕಾಂತೀಯ ಪರಿಣಾಮಕ್ಕೆ ಫೋನಿನ ಮ್ಯಾಗ್ನೆಟೋಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ಸೆನ್ಸರ್, ಒದಗುತ್ತದೆ. ದಿಕ್ಸೂಚಿ ದಿಕ್ಕು ತೋರಿಸುತ್ತದೆ, ಫೋನು ಪ್ರಮಾಣವನ್ನೂ ಹೇಳುತ್ತದೆ. ನೇರ ತಂತಿಯಲ್ಲಿ 1 ಆಂಪಿಯರ್ ಹರಿದಾಗ 2 ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ 10 ಮೈಕ್ರೋಟೆಸ್ಲಾ (ಅದರ ಅಳತೆಯ ಮಾನ), 4 ಸೆಂಟಿಮೀಟರ್‌ನಲ್ಲಿ 5. ಆದರೆ ಭೂಮಿಯದೇ ನಮ್ಮ ಕಡೆ ಸುಮಾರು 40 ಇದೆ. ಹೀಗಾಗಿ ಒಟ್ಟು ಮೌಲ್ಯ ನೋಡಿ ಕಳೆದರೆ ತಪ್ಪಾಗುತ್ತದೆ, ಏಕೆಂದರೆ ಎರಡು ಕ್ಷೇತ್ರಗಳ ದಿಕ್ಕು ಬೇರೆ. ಎಕ್ಸ್, ವೈ, ಝಡ್ ಮೂರನ್ನೂ ಸ್ವಿಚ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಬರೆದುಕೊಂಡು ಪ್ರತಿ ಅಕ್ಷದ ವ್ಯತ್ಯಾಸ ತೆಗೆಯಬೇಕು. ಈ ನಡುವೆ ಫೋನ್ ಕದಲಬಾರದು. ಇನ್ನೊಂದು ತೊಡಕು, ಸೆನ್ಸರ್ ಫೋನಿನ ನಡುಮಧ್ಯೆ ಇರುವುದಿಲ್ಲ. ಕಾಂತವಾಗಿಸಿದ ಹೊಲಿಗೆ ಸೂಜಿಯನ್ನು ಫೋನಿನ ಮೇಲೆ ನಿಧಾನವಾಗಿ ಸರಿಸಿ, ಸಂಖ್ಯೆ ಅತಿ ಹೆಚ್ಚು ಬದಲಾಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಅಲ್ಲಿಂದ ದೂರ ಅಳೆಯಿರಿ. ಅಯಸ್ಕಾಂತವಿರುವ ಕವರ್ ತೆಗೆದಿಡಿ, ಕಬ್ಬಿಣದ ಮೇಜಿನ ಮೇಲೆ ಮಾಡಬೇಡಿ. ಟಾರ್ಚಿನ ದೊಡ್ಡ ಸೆಲ್, 1 ಓಮ್ ರೋಧಕ, ಅಮ್ಮೀಟರ್ ಸರಣಿಯಲ್ಲಿರಲಿ. ಸ್ವಿಚ್ ಐದು ಸೆಕೆಂಡಿಗಿಂತ ಹೆಚ್ಚು ಹಾಕಿದರೆ ಸೆಲ್ ಕುಸಿದು ಪ್ರವಾಹ ಇಳಿಯುತ್ತದೆ, ರೋಧಕ ಬಿಸಿಯಾಗುತ್ತದೆ.

ಮುಕ್ತ ಪತನಕ್ಕೆ ಫೋನನ್ನು 1 ಮೀಟರ್ ಎತ್ತರದಿಂದ ಎರಡು ದಪ್ಪ ದಿಂಬುಗಳ ಮೇಲೆ ಬೀಳಿಸಬೇಕು. ಎತ್ತರವನ್ನು ದಿಂಬಿನ ಮೇಲ್ಮೈಯಿಂದ ಅಳೆಯಿರಿ. ಗುರುತ್ವ ಸೇರಿದ ವೇಗೋತ್ಕರ್ಷದ ಗ್ರಾಫ್ ತೆರೆದಿಡಿ. ಕೈಯಲ್ಲಿ ಅಲುಗದೆ ಇರುವಾಗ 9.8, ಬೀಳುವಾಗ ಸೊನ್ನೆಯ ಹತ್ತಿರ! ಮಕ್ಕಳು ತಲೆಕೆಳಗೆ ಎಂದುಕೊಳ್ಳುತ್ತಾರೆ. ಸೆನ್ಸರ್ ಒಳಗಿನ ಪುಟ್ಟ ದ್ರವ್ಯರಾಶಿಯ ಮೇಲಿನ ಆಧಾರದ ತಳ್ಳುವಿಕೆಯನ್ನು ಅದು ಅಳೆಯುತ್ತದೆ, ಬೀಳುವಾಗ ಆ ಆಧಾರವೇ ಇಲ್ಲ. ಇದನ್ನು ಚರ್ಚಿಸಲು ಒಂದು ಪೂರ್ತಿ ಪೀರಿಯಡ್ ಕೊಡಿ. ಸೊನ್ನೆಯ ಹತ್ತಿರವಿರುವ ಅವಧಿ ಸುಮಾರು 0.45 ಸೆಕೆಂಡ್ ಬರಬೇಕು.

ಬೆಳಕಿನ ಸೆನ್ಸರ್ ಆಂಡ್ರಾಯ್ಡ್‌ನಲ್ಲಿ ಮಾತ್ರ ಸಿಗುತ್ತದೆ, ಐಫೋನ್ ಅದನ್ನು ಆ್ಯಪ್‌ಗಳಿಗೆ ಬಿಟ್ಟುಕೊಡುವುದಿಲ್ಲ. ಲೋಲಕದ ಪ್ರಯೋಗಕ್ಕೆ ಬೇಕಾದ, ತಿರುಗುವಿಕೆ ಅಳೆಯುವ ಗೈರೋಸ್ಕೋಪ್ ಎಷ್ಟೋ ಅಗ್ಗದ ಫೋನುಗಳಲ್ಲಿ ಇರುವುದಿಲ್ಲ. ಇಲ್ಲದ ಸೆನ್ಸರಿನ ಪ್ರಯೋಗಗಳು ಆ್ಯಪ್‌ನಲ್ಲೇ ಮಸುಕಾಗಿ ಕಾಣುತ್ತವೆ, ತರಗತಿಗೆ ಹೋಗುವ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಪ್ರಯೋಗದ ಹೊತ್ತಿಗೆ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ಹಾಟ್‌ಸ್ಪಾಟ್ ಮಾತ್ರ ಆನ್ ಮಾಡಿಕೊಳ್ಳಿ. ಕೆಲವು ಫೋನುಗಳು ಇದಕ್ಕೆ ಒಪ್ಪುವುದಿಲ್ಲ, ಅಂಥವಲ್ಲಿ ಡೇಟಾ ಆಫ್ ಮಾಡಿ ಕರೆಗಳನ್ನು ಸೈಲೆಂಟ್‌ಗೆ ಹಾಕಿದರಾಯಿತು.