ಮಾಲೆ ಹಾಕಿದಾಗ ಮುಟ್ಟಲೇ ಇಲ್ಲವಲ್ಲ!

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಕುಡಿತ. ಆದರೆ ಕುಡಿಯುವವರಿಗಿಂತ ಜಾಸ್ತಿ ಅವರ ಮನೆಯವರ ಬಗ್ಗೆ ಮಾತಾಡುತ್ತೇನೆ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಆ ಸಂಗತಿಯ ಬಗ್ಗೆ.

ನಾವು ಎಷ್ಟು ಚೆನ್ನಾಗಿ ಮುಚ್ಚಿಡುತ್ತೇವೆ ನೋಡಿ. "ಪಾಪ, ಸುಸ್ತಾಗಿರುತ್ತೆ, ಒಂದು ನೈಂಟಿ ತಗೋತಾರೆ ಅಷ್ಟೇ." "ಮದುವೆ ಮಾಡಿದರೆ ಸರಿಹೋಗ್ತಾನೆ." ಮದುವೆ ಆಗುತ್ತೆ, ಆಮೇಲೆ "ಒಂದು ಮಗು ಆಗಲಿ" ಅಂತಾರೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ಆದರೆ ಸಾರಾಯಿ ಕುಡಿಯೋನು ಮಾತ್ರ ಕುಡುಕ, ನಮ್ಮವರು ಬ್ರಾಂದಿ ತಗೊಳ್ಳೋರು ಅನ್ನೋ ಸಮಾಧಾನ ಇನ್ನೂ ನಿಂತಿಲ್ಲ.

ಇವೆಲ್ಲಕ್ಕಿಂತ ಗಟ್ಟಿ ವಾದ ಮಾಲೆಯದು. "ಅಯ್ಯಪ್ಪ ಮಾಲೆ ಹಾಕಿದಾಗ 41 ದಿನ ಮುಟ್ಟಲೇ ಇಲ್ಲ, ಚಟ ಅಂತ ಹೇಗೆ ಹೇಳ್ತೀರಿ?" ಸರಿ ಅನಿಸುತ್ತೆ, ಅಲ್ವಾ? ಮಾಲೆ ತೆಗೆದ ಮೇಲೆ ಏನಾಯಿತು ಅಂತ ಕೇಳಿ, ಮಾತು ಬೇರೆ ಕಡೆ ತಿರುಗುತ್ತೆ. ಒಂದಷ್ಟು ದಿನ ಬಿಟ್ಟಿರೋದು ಚಟ ಇರುವವರಿಗೂ ಆಗುತ್ತೆ.

ಇಷ್ಟಕ್ಕೆಲ್ಲ ಬೆಲೆ ಕೊಡೋರು ಯಾರು? ಆಫೀಸಿಗೆ ಫೋನ್ ಮಾಡಿ "ಅವರಿಗೆ ಜ್ವರ" ಅನ್ನೋ ಹೆಂಡತಿ. ಸ್ನೇಹಿತೆಯರನ್ನು ಮನೆಗೆ ಕರೆಯದ ಮಗಳು. ಗೇಟಿನ ಸದ್ದು ಕೇಳಿಯೇ ಇವತ್ತು ಎಷ್ಟು ಏರಿದೆ ಅಂತ ಲೆಕ್ಕ ಹಾಕೋ ಮಗ. ಹಬ್ಬಕ್ಕೆ ಹೋಳಿಗೆ ಮಾಡ್ತಾರೆ, ಫೋಟೋ ತೆಗೀತಾರೆ, ಕಿವಿ ಮಾತ್ರ ಗೇಟಿನ ಕಡೆಗೇ ಇರುತ್ತೆ. ಮನೆ ನೆಮ್ಮದಿಯಾಗಿರಲಿ ಅಂತಲೇ ಮುಚ್ಚಿಟ್ಟಿದ್ದು, ಆದರೆ ದಿನವಿಡೀ ಮುಚ್ಚಿಡೋದೇ ಕೆಲಸವಾದರೆ ನೆಮ್ಮದಿಗೆ ಪುರುಸೊತ್ತೆಲ್ಲಿ?

1935ರಲ್ಲಿ ಅಮೆರಿಕದ ಆಕ್ರನ್ ಅನ್ನೋ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಭೇಟಿಯಾದರು. ಇಬ್ಬರೂ ಕುಡಿತದಿಂದ ಸೋತವರು. ಕುಡಿತ ಬಿಡೋಕೆ ಕುಡುಕರೇ ಒಬ್ಬರಿಗೊಬ್ಬರು ನೆರವಾಗೋ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋ ಕೂಟ ಹುಟ್ಟಿದ್ದು ಅಲ್ಲಿಂದ. ಅವರ ಮೊದಲ ಹೆಜ್ಜೆಯೇ, ಕುಡಿತದ ಮುಂದೆ ನಮ್ಮ ಆಟ ನಡೆಯಲಿಲ್ಲ ಅಂತ ಒಪ್ಪಿಕೊಳ್ಳೋದು. ನನಗೆ ಇದಕ್ಕಿಂತ ಕುತೂಹಲ ಅನಿಸೋದು ಬಿಲ್ ಅವರ ಹೆಂಡತಿ ಲೋಯಿಸ್ ಮಾಡಿದ ಕೆಲಸ. 1951ರಲ್ಲಿ ಅವರು ಮನೆಯವರಿಗಾಗಿ ಅಲ್-ಅನಾನ್ ಕೂಟ ಕಟ್ಟಿದರು, ಅಲ್ಲೂ ಮೊದಲ ಹೆಜ್ಜೆ ಅದೇ. ಯಾಕೆ? ಮನೆಯವರು ಒಪ್ಪಿಕೊಳ್ಳಬೇಕಾದ ಸತ್ಯ ಎರಡಿವೆ. ಇವರಿಗೆ ಕಾಯಿಲೆ ಇದೆ ಅನ್ನೋದು ಒಂದು. ನನ್ನ ಪ್ರೀತಿ, ಅಳು, ಆಣೆ, ಹರಕೆ ಯಾವುದರಿಂದಲೂ ನಾನೊಬ್ಬಳೇ ಇದನ್ನು ಬಿಡಿಸೋಕೆ ಆಗಲ್ಲ ಅನ್ನೋದು ಇನ್ನೊಂದು. ಈ ಎರಡನೆಯದು ತುಂಬಾ ಕಹಿ. ಆದರೆ ಅದನ್ನು ಒಪ್ಪಿದ ಮೇಲೆ "ನನ್ನಿಂದಲೇ ಹೀಗಾಯ್ತೇನೋ" ಅನ್ನೋ ಕೊರಗು ಸಡಿಲವಾಗುತ್ತೆ. ತವರಿಗೆ ಹೋಗಿ ಎರಡು ದಿನ ಇದ್ದು ಬರಬಹುದು, ಮಕ್ಕಳ ಜೊತೆ ಊಟಕ್ಕೆ ಕೂರಬಹುದು, ಅವನು ಕುಡಿತ ಬಿಡಲಿ, ಬಿಡದಿರಲಿ.

ಒಂದು ಎಚ್ಚರ. ಒಪ್ಪಿಕೊಂಡ ತಕ್ಷಣ ರೂಮಿನಲ್ಲಿ ಕೂಡಿಹಾಕಿ ಬಿಡಿಸೋ ಸಾಹಸ ಬೇಡ. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಕೂಗಾಡಬಹುದು, ಪ್ರಾಣಕ್ಕೂ ಅಪಾಯ. ಬೆಳಿಗ್ಗೆ ಕೈ ನಡುಗುತ್ತಿದ್ದರೆ ಡಾಕ್ಟರ ಹತ್ತಿರವೇ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನನ್ನು ಕುಡಿಯುವವರೇ ಮಾಡಬೇಕು ಅಂತೇನಿಲ್ಲ.