ಮೊದಲು ಎಸ್‌ಕ್ಯೂಲೈಟ್, ಆಮೇಲೆ ಮಿಕ್ಕಿದ್ದು

ಡೇಟಾ ಡಿಸ್ಕಿನಲ್ಲಿ ಉಳೀಬೇಕು, ಬೇರೆ ಸರ್ವರ್ ನಡೆಸೋ ತಲೆನೋವು ಬೇಡ. ಇಷ್ಟೇ ಅಗತ್ಯ ಇರೋ ಪ್ರಾಜೆಕ್ಟಿಗೂ ಕೆಲವರು ಮೊದಲೇ ರಾಕ್ಸ್‌ಡಿಬಿ ಅನ್ನೋ ಭಾರಿ ಬರಹದ ಡೇಟಾಬೇಸ್ ಹಾಕ್ಕೊಂಡು ಕೂತಿರ್ತಾರೆ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ! ಎಸ್‌ಕ್ಯೂಲೈಟ್‌ನಿಂದ ಶುರು ಮಾಡಿ, ಅದು ನಿಮ್ಮ ಪ್ರೋಗ್ರಾಂ ಒಳಗೇ ಓಡೋ, ಡೇಟಾನ ಒಂದು ಫೈಲಲ್ಲಿ ಇಡೋ ಡೇಟಾಬೇಸ್. ಅದು ಎಲ್ಲಿ ಸೋಲುತ್ತೆ ಅಂತ ಅಳೆದು ನೋಡಿದ ಮೇಲೆ ಬೇರೆಯದಕ್ಕೆ ಕೈ ಹಾಕಿ.

"ಅದು ನಿಧಾನ" ಅನ್ನೋರು ಸಾಮಾನ್ಯವಾಗಿ ಲೂಪಿನೊಳಗೆ ಒಂದೊಂದೇ ಇನ್ಸರ್ಟ್ (ಸಾಲು ಸೇರಿಸೋದು) ಮಾಡ್ತಿರ್ತಾರೆ. ಟ್ರಾನ್ಸಾಕ್ಷನ್ (ಆದ್ರೆ ಪೂರ್ತಿ, ಇಲ್ಲಾಂದ್ರೆ ಏನೂ ಆಗದ ಕೆಲಸದ ಗುಂಪು) ತೆರೆಯದಿದ್ರೆ ಪ್ರತಿ ಇನ್ಸರ್ಟೂ ತಾನೇ ಒಂದು ಟ್ರಾನ್ಸಾಕ್ಷನ್. ಪ್ರತಿ ಸಲವೂ ಡಿಸ್ಕು "ಬರೆದಾಯ್ತು" ಅನ್ನೋವರೆಗೆ ಕಾಯಬೇಕು. 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ತಿರುಗೋದೇ 120 ಸುತ್ತು, ಇನ್ನು ಅದರಿಂದ ಎಷ್ಟು ಕಮಿಟ್ (ಟ್ರಾನ್ಸಾಕ್ಷನ್ ಮುಗಿಸಿ ಗಟ್ಟಿ ಮಾಡೋದು) ನಿರೀಕ್ಷಿಸ್ತೀರಿ? ಸಾವಿರ ಸಾಲನ್ನ ಒಂದೇ ಬಿಗಿನ್–ಕಮಿಟ್ ಮಧ್ಯೆ ಇಡಿ, ಕಾಯೋದು ಒಂದೇ ಸಲ.

ಎರಡನೇ ದೂರು, "ಡೇಟಾಬೇಸ್ ಈಸ್ ಲಾಕ್ಡ್". ವಾಲ್ ಮೋಡ್ (ಬದಲಾವಣೆಗಳನ್ನ ಮೊದಲು ಪಕ್ಕದ ಲಾಗ್ ಫೈಲಿಗೆ ಬರೆಯೋ ವಿಧಾನ) ಹಾಕಿದ್ರೆ ಓದೋರು, ಬರೆಯೋರು ಒಬ್ಬರಿಗೊಬ್ಬರು ಅಡ್ಡ ಬರಲ್ಲ. ಆದ್ರೆ ಬರೆಯೋಕೆ ಒಂದು ಹೊತ್ತಿಗೆ ಒಬ್ಬರಿಗೇ ಅವಕಾಶ. ಬಿಜಿ ಟೈಮ್‌ಔಟ್ (ಲಾಕ್ ಬಿಡೋವರೆಗೆ ಕಾಯೋ ಅವಧಿ) 5000 ಮಿಲಿಸೆಕೆಂಡ್ ಇಟ್ಟರೂ ಕೆಲವೊಮ್ಮೆ ತಟ್ಟನೆ ಎರರ್ ಬರುತ್ತೆ, ಒಂದು ಕ್ಷಣವೂ ಕಾಯದೆ. ಯಾಕೆ ಅಂದ್ರೆ, ಬರೀ ಬಿಗಿನ್ ಅಂದ್ರೆ ಟ್ರಾನ್ಸಾಕ್ಷನ್ ಓದೋದರಿಂದ ಶುರು. ನೀವು ಬ್ಯಾಲೆನ್ಸ್ ಓದಿದ್ರಿ, ಅಷ್ಟರಲ್ಲಿ ಇನ್ನೊಬ್ಬರು ಬರೆದು ಕಮಿಟ್ ಮಾಡಿದ್ರು. ನಿಮ್ಮ ಕೈಲಿರೋ ಚಿತ್ರ ಹಳೇದಾಯ್ತು. ಅದರ ಮೇಲೆ ಬರೆಯೋಕೆ ಬಿಡಲ್ಲ, ಎಷ್ಟು ಕಾದರೂ ಅದು ಹೊಸದಾಗಲ್ಲ. ಬರೆಯೋದು ಮೊದಲೇ ಗೊತ್ತಿದ್ರೆ ಬಿಗಿನ್ ಇಮ್ಮೀಡಿಯೆಟ್ ಅನ್ನಿ, ಬರೆಯೋ ಲಾಕ್ ಶುರುವಲ್ಲೇ ಕೈಗೆ ಬರುತ್ತೆ.

ಹಾಂ, ವಾಲ್ ಮೋಡಿನಲ್ಲಿರೋ ಡೇಟಾಬೇಸನ್ನ ನೆಟ್‌ವರ್ಕ್ ಡ್ರೈವಿನಲ್ಲಿ ಇಡಬೇಡಿ. ಬ್ಯಾಕಪ್‌ಗೆ ಮುಖ್ಯ ಫೈಲ್ ಒಂದನ್ನೇ ಕಾಪಿ ಮಾಡಬೇಡಿ. ಇತ್ತೀಚಿನ ಕಮಿಟ್‌ಗಳು ಪಕ್ಕದ ವಾಲ್ ಫೈಲಲ್ಲೇ ಕೂತಿರಬಹುದು. ಪೂರ್ತಿ ಪ್ರತಿಯನ್ನ ಹೊಸ ಫೈಲಿಗೆ ಬರೆಯೋ ವ್ಯಾಕ್ಯೂಮ್ ಇಂಟು ಕಮಾಂಡ್ ಬಳಸಿ.

ಬರೀ ಕೀ–ವ್ಯಾಲ್ಯೂ (ಒಂದು ಹೆಸರಿಗೆ ಒಂದು ಮೌಲ್ಯ), ಓದೋದೇ ಹೆಚ್ಚು ಅಂದ್ರೆ ಎಲ್‌ಎಂಡಿಬಿ ಅನ್ನೋ ಡೇಟಾಬೇಸ್ ಸೊಗಸಾಗಿದೆ. ಆದ್ರೆ ಡಿಫಾಲ್ಟ್ ಮ್ಯಾಪ್ ಸೈಜ್ (ಡೇಟಾಬೇಸ್ ಬೆಳೆಯಬಹುದಾದ ಗರಿಷ್ಠ ಗಾತ್ರ) 10 ಎಂಬಿ ಮಾತ್ರ, ಬೇಗ ತುಂಬುತ್ತೆ. 64 ಬಿಟ್ ಲಿನಕ್ಸ್‌ನಲ್ಲಿ ಧಾರಾಳವಾಗಿ 100 ಜಿಬಿ ಕೊಡಿ. ಹೋಗೋದು ವಿಳಾಸದ ಜಾಗ, ಡಿಸ್ಕಿನದಲ್ಲ. ಕೀ 511 ಬೈಟ್ ಮೀರೋ ಹಾಗಿಲ್ಲ, ಉದ್ದದ ಯುಆರ್‌ಎಲ್ ಆದ್ರೆ ಹ್ಯಾಶ್ ಮಾಡಿ ಚಿಕ್ಕದಾಗಿಸಿ. ಒಂದು ರೀಡ್ ಟ್ರಾನ್ಸಾಕ್ಷನ್ ಮುಚ್ಚೋದು ಮರೆತ್ರೆ ಹಳೆ ಪುಟಗಳು ಖಾಲಿಯಾಗಲ್ಲ, ಫೈಲ್ ಊದ್ತಾ ಹೋಗುತ್ತೆ, ಮತ್ತೆ ಇಳಿಯಲ್ಲ.

ರಾಕ್ಸ್‌ಡಿಬಿ? ಹಗಲೂ ರಾತ್ರಿ ಬರಹ ಸುರಿಯೋ ಕಡೆ ಹಾಕಿ. ಕಂಪ್ಯಾಕ್ಷನ್ (ಬರೆದ ಫೈಲುಗಳನ್ನ ಹಿನ್ನೆಲೆಯಲ್ಲಿ ಒಗ್ಗೂಡಿಸೋ ಕೆಲಸ) ಹಿಂದೆ ಬಿದ್ದರೆ, ಡಿಫಾಲ್ಟ್ ಪ್ರಕಾರ ಲೆವೆಲ್ ಸೊನ್ನೆಯಲ್ಲಿ (ಹೊಸ ಫೈಲುಗಳು ಮೊದಲು ಬೀಳೋ ಹಂತ) 20 ಫೈಲ್ ಆದಾಗ ಬರಹ ನಿಧಾನ, 36ಕ್ಕೆ ಪೂರ್ತಿ ಬಂದ್.

ಯಾವುದನ್ನೇ ಆರಿಸಿ, ಕಿಲ್ ಮೈನಸ್ ನೈನ್ (ಪ್ರೋಗ್ರಾಂನ ತಕ್ಷಣ ಸಾಯಿಸೋ ಕಮಾಂಡ್) ಹೊಡೆದು "ಕ್ರ್ಯಾಶ್ ಟೆಸ್ಟ್ ಪಾಸ್" ಅನ್ನಬೇಡಿ. ಪ್ರೋಗ್ರಾಂ ಸತ್ತರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ತನ್ನ ಕ್ಯಾಶೆಯಿಂದ ನಿಧಾನಕ್ಕೆ ಬರೆದು ಮುಗಿಸುತ್ತೆ. ಬರೆಯೋ ಮಧ್ಯೆಯೇ ವರ್ಚುವಲ್ ಮಷಿನ್ನಿನ ಪವರ್ ಕಿತ್ತು ನೋಡಿ.